ಅರ್ಧ ಹಳೆಯ ನೋಟ್‌ಬುಕ್

ಪಂಕಜಾಕ್ಷಿ ಮೇಡಂ ಬೋರ್ಡಿನ ಮೇಲೆ ಹೊಸ ಪದ ಬರೆದರೆ ಮೊದಲು ಅದರ ಊರು ವಿಚಾರಿಸುತ್ತಿದ್ದರು, ಸಂತೇಬೆನ್ನೂರು ಬಸ್ಸಿನಲ್ಲಿ ಪಕ್ಕ ಕೂತವರನ್ನು ವಿಚಾರಿಸುವ ಹಾಗೆಯೇ. ಸೀಮೆಸುಣ್ಣ ತುರುಬಿಗೆ ಸಿಕ್ಕಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತ, "ಸೆಮಿಕನ್ಸರ್ವೇಟಿವ್ ಅಂತೆ! ಯಾವೂರಪ್ಪಾ ನಿಂದು?" ಎಂದರೆ ಚನ್ನಗಿರಿಯ ನಮ್ಮ ಪಿಯುಸಿ ತರಗತಿ ಗೊಳ್ಳೆಂದು ನಗುತ್ತಿತ್ತು.

ಉತ್ತರವನ್ನೂ ಅವರೇ ಹೇಳುವರು. "ಲ್ಯಾಟಿನ್ ಕಡೆಯೋರು ಕಣ್ರೀ. ಸೆಮಿ ಅಂದ್ರೆ ಅರ್ಧ, ಕನ್ಸರ್ವ್ ಅಂದ್ರೆ ಕಾಪಾಡ್ಕಳಾದು. ಡಿಎನ್‌ಎ ಒಂದು ಎರಡಾಗಾಕೆ ಹೊರಟಾಗ ಅದರ ಎರಡು ಎಳೆ ಬಿಡಿಸ್ಕಂತಾವೆ. ಒಂದೊಂದು ಹಳೇ ಎಳೆಗೂ ಒಂದೊಂದು ಹೊಸ ಜೊತೆ. ಎರಡರಾಗೂ ಅರ್ಧ ಹಳೇದು ಐತೆ."

"ಜೆರಾಕ್ಸ್ ಮಾಡಿದಂಗಾ ಮೇಡಂ?" ಎಂದೆ ನಾನು.

"ಜೆರಾಕ್ಸಿನಾಗೆ ಹಳೇದೆಲ್ಲ ಒಂದ್ ಕಡೆ, ಹೊಸದೆಲ್ಲ ಒಂದ್ ಕಡೆ. ಇದು ಹಂಗಲ್ಲ. ಹೆಂಗೆ ಅಂತ ನಿನಗೆ ಬ್ಯಾರೆ ತೋರಿಸ್ಬೇಕು."

ವರ್ಷ ಮುಗಿಯುವ ಮೊದಲೇ ಅವರಿಗೆ ಜಗಳೂರಿಗೆ ವರ್ಗವಾಯಿತು. ಅವರ ನೋಟ್ಸ್ ಬೇಕೇ ಬೇಕೆಂದು ದುಂಬಾಲು ಬಿದ್ದೆ. ಮೇಡಂ ಬ್ಲೇಡು ತಂದು ನೋಟ್‌ಬುಕ್ಕಿನ ಹೊಲಿಗೆಯನ್ನೇ ಬಿಚ್ಚಿಬಿಟ್ಟರು! ಒಂದು ಹಾಳೆ ನನಗೆ, ಮುಂದಿನದು ಅವರಿಗೆ, ಹೀಗೆ ಹಂಚಿ ಮುಗಿಸಿ, "ನಿನಗಿಲ್ಲದ್ದು ನೀನು ಬರ್ಕ, ನನಗಿಲ್ಲದ್ದೂ ನೀನೇ ಬರ್ಕೊಡು. ನಿನ್ನ ಅಕ್ಷರ ನನ್ ಹತ್ರಾನೂ ಇರ್ಲಿ" ಎಂದರು. ವಾರವಿಡೀ ಅವರ ಮನೆಯಲ್ಲಿ ಕೂತು, ಒಳಗೊಳಗೇ ಬೈದುಕೊಳ್ಳುತ್ತ ಬರೆದೆ. ಎರಡು ಪುಸ್ತಕ ಹೊಲಿದು, ಒಂದನ್ನು ಎದೆಗವಚಿಕೊಂಡು ಬಸ್ ಹತ್ತಿದವರು ಕಿಟಕಿಯಿಂದ ಕೂಗಿದರು: "ಪರೀಕ್ಷೆ ಮುಗಿಸ್ಕಂಡು ಜಗಳೂರಿಗೆ ಬಾ. ಎಷ್ಟು ತಪ್ಪು ಮಾಡಿದೀಯ ನೋಡಾನ!"

ಹೋಗಲಿಲ್ಲ. ಓದು, ಮದುವೆ, ಹೊನ್ನಾಳಿಯಲ್ಲಿ ಅದೇ ಪಾಠ ಹೇಳುವ ಕೆಲಸ. ಜಗಳೂರೇನು ಕಾಶಿಯೇ? ಆದರೂ ಮುಂದಿನ ರಜೆಗೆ, ಮುಂದಿನ ರಜೆಗೆ ಎನ್ನುತ್ತಲೇ ಇದ್ದೆ. ಪ್ರತಿ ವರ್ಷ ಆ ಪಾಠಕ್ಕೆ ಬಂದಾಗ, ಒಂದು ಪುಟದಲ್ಲಿ ಅವರ ದುಂಡಕ್ಷರ, ಎದುರಿಗೆ ನನ್ನ ಕಾಗೆಕಾಲು ಗುಬ್ಬಿಕಾಲು ನೋಡಿ, ಆ ದನಿ ಒಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತಿತ್ತು.

ಕೊನೆಗೂ ಹೋದ ತಿಂಗಳು ಹೋದೆ, ಅವರು ತೀರಿಕೊಂಡ ಸುದ್ದಿ ಬಂದ ಮೇಲೆ. ಅವರ ತಂಗಿ ಇನ್ನೊಂದು ಪುಸ್ತಕವನ್ನು ನನ್ನ ಕೈಗಿಟ್ಟರು. "ಆ ಅಕ್ಷರದ ಹುಡುಗಿ ನೀವೇನಾ? ರಜೆ ಬಂತು ಅಂದ್ರೆ ಅಕ್ಕ ಇದನ್ನ ಹೊರಗೆ ತೆಗೆದಿಡೋರು ಕಣ್ರೀ."

ಪುಟ ತಿರುವಿದೆ. ನನ್ನ ಬರಹದ ತುಂಬ ಅವರ ಕೆಂಪು ಶಾಯಿಯ ತಿದ್ದುಪಡಿ. ಡಿಎನ್‌ಎ ಎರಡಾಗುವ ಚಿತ್ರವನ್ನು ಮಾತ್ರ ಮುಟ್ಟಿರಲಿಲ್ಲ. ಅವಸರದಲ್ಲಿ ನಾನು ಹಳೆಯ ಎಳೆ ಎರಡನ್ನೂ ಒಂದೇ ಕಡೆ, ಹೊಸವೆರಡನ್ನೂ ಇನ್ನೊಂದು ಕಡೆ ಬರೆದಿದ್ದೆ. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇಷ್ಟೇ ಇತ್ತು: "ಬಂದಾಗ ಹೇಳಬೇಕು."