ಫೈನಲ್‌ನಲ್ಲಿ ಅತ್ತೆಯ ತೀರ್ಪು

“ಗೆದ್ದೋನು ಆ ಗೊಗ್ಗರು ದನಿಯೋನೇ!”

ಬಾಗಿಲಲ್ಲಿ ನಿಂತು ಅತ್ತೆ ಹೀಗೆಂದಾಗ ನಾನು ಗಾಬರಿಯಿಂದ ಟೇಪ್ ರೆಕಾರ್ಡರ್ ಆರಿಸಿದೆ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಮೈಸೂರಿನಿಂದ ಮುಳ್ಳನ್‌ಕೊಲ್ಲಿಯ ಕರಿಮೆಣಸಿನ ತೋಟದ ಮನೆಗೆ ಸೊಸೆಯಾಗಿ ಬಂದಿದ್ದ ನನಗೆ, ಮನೆಯವರು ಕನ್ನಡ ಆಡುತ್ತಿದ್ದರೂ, ಅಕ್ಕಪಕ್ಕದವರ ಮಲಯಾಳಂ ತಿಳಿಯುತ್ತಿರಲಿಲ್ಲ. ಬೇಸರ ಕಳೆಯಲು ತವರಿನಿಂದ ತಂದ ಕ್ಯಾಸೆಟ್‌ಗಳನ್ನು ಹಾಕಿ, ಮೆಚ್ಚಿನ ರಾಕ್ ಗಾಯಕರ ನಡುವೆ ಪಂದ್ಯ ನಡೆಸುತ್ತಿದ್ದೆ. ಇಬ್ಬಿಬ್ಬರ ಹಾಡು ಕೇಳಿ, ಗೆದ್ದವನನ್ನು ಮುಂದಿನ ಸುತ್ತಿಗೆ ಕಳಿಸುವುದು. ಈ ಆಟದ ಗುಟ್ಟನ್ನು ನಾದಿನಿಗೆ ಮಾತ್ರ ಹೇಳಿದ್ದೆ. ಅದು ಅತ್ತೆಯ ಕಿವಿಗೂ ಬಿದ್ದಿತ್ತು. ಆ ಮಧ್ಯಾಹ್ನ ಫೈನಲ್. ಯಾರನ್ನೂ ಸೋಲಿಸಲು ಮನಸ್ಸಾಗದೆ ಅವೇ ಹಾಡುಗಳನ್ನು ಮತ್ತೆ ಮತ್ತೆ ಹಾಕುತ್ತಿದ್ದೆ. ಇಂಗ್ಲಿಷ್ ಬಾರದ ಅತ್ತೆ ಅಂಗಳದಲ್ಲಿ ಮೆಣಸು ಹರವುತ್ತಲೇ ಕೇಳಿಸಿಕೊಂಡಿದ್ದರು.

“ಅವನೇ ಯಾಕತ್ತೆ?” ಅಳುಕುತ್ತಲೇ ಕೇಳಿದೆ.

“ಇನ್ನೊಬ್ಬ ಬರೀ ಕೂಗ್ತಾನೆ. ಇವನು ಅಳು ನುಂಗ್ಕೊಂಡು ಹಾಡ್ತಾನೆ, ನಿನ್ನ ಹಂಗೇ. ಅಮ್ಮನ ನೆನಪಾದ್ರೆ ಅತ್ತುಬಿಡು ಮೋಳೇ, ನಾನಿಲ್ವಾ?”

ಸ್ವಂತ ಮಗಳನ್ನು ಕರೆಯುವ ಆ ಮಲಯಾಳಂ ಮಾತಿನಿಂದ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಪಕ್ಕಕ್ಕೆ ಬಂದು ಕೂತ ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅತ್ತೆ ಈಗಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನನ್ನ ದುಃಖವನ್ನು ತಾವಾಗಿಯೇ ಕೇಳಿಸಿಕೊಂಡ ಆ ತಾಯಿಗೆ ನಾನು ಇಂದಿಗೂ ಋಣಿ.