ತಾಡಪತ್ರಿಯ ಈಚೆಗೆ ಬಿದ್ದ ಚೆಂಡು

ಹಾರಿ ಸರ್ವ್ ಮಾಡುವುದನ್ನು ನಾನು ಕಲಿತದ್ದು ಸಿಟ್ಟಿನಿಂದ. ತಾಲೂಕಿನ ನೌಕರರ ಕ್ರೀಡಾಕೂಟದಲ್ಲಿ ಶಿಕ್ಷಕಿಯರ ವಾಲಿಬಾಲ್ ತಂಡದಲ್ಲಿದ್ದೆ. ಕೈಯನ್ನು ಕೆಳಗಿನಿಂದ ಎತ್ತಿ ಹೊಡೆಯುವ ಬಡ ಸರ್ವ್ ನನ್ನದು. ಚೆಂಡು ಹೋಗಿ ಎದುರಿನವರ ಕೈಯಲ್ಲಿ ಮೆತ್ತಗೆ ಕೂರುತ್ತಿತ್ತು. ಎದುರು ತಂಡದ ಉದ್ದ ಜಡೆಯ ಟೀಚರ್ ಒಬ್ಬಳು, "ಟೀಚರ್, ಇನ್ನೊಂದು ಹಂಗ ಕಳಸ್ರಿ, ಭಾಳ ಚಂದ ಬರತೈತಿ" ಎಂದು ಎಲ್ಲರೆದುರು ನಕ್ಕಳು. ಆಟ ಸೋತದ್ದನ್ನು ಮರೆತೆ, ಆ ನಗುವನ್ನು ಮರೆಯಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಮುಂದಿನ ಕೂಟದಲ್ಲಿ ಹಾರಿಯೇ ಹೊಡೆಯಬೇಕು, ಚೆಂಡು ಗರಗರ ತಿರುಗುತ್ತ ಹೋಗಿ ಅವಳ ಮುಂದೆ ದಬಕ್ಕನೆ ಇಳಿಯಬೇಕು.

ಕಲಿಯಲು ಜಾಗವೇನೋ ಇತ್ತು. ನಮ್ಮೂರು ಸಂಶಿಯಲ್ಲಿ ಮನೆಯ ಹಿಂದೆಯೇ ಕಣವಿದೆ. ರಾಶಿ ಮುಗಿದ ಮೇಲೆ ನನ್ನ ಗಂಡ ಮತ್ತು ಅವರ ಗೆಳೆಯರು ಅಲ್ಲಿ ನೆಟ್ ಕಟ್ಟಿ, ಸುಣ್ಣದ ಗೆರೆ ಹಾಕಿ ಆಡುವುದು ರೂಢಿ. ತೊಂದರೆ ಏನೆಂದರೆ, ಆಚೆ ತುದಿಯ ಗೆರೆಯಿಂದ ಸ್ವಲ್ಪವೇ ದೂರದಲ್ಲಿ ನಮ್ಮ ಅತ್ತೆಯ ಮೆಣಸಿನಕಾಯಿ ಒಣಗುತ್ತಿರುತ್ತಿತ್ತು. ನೆಲಕ್ಕೆ ಹಾಸಿದ ದೊಡ್ಡ ತಾಡಪತ್ರಿಯ ತುಂಬ ಕೆಂಪು ಕಾಯಿ, ಪಕ್ಕದಲ್ಲಿ ತೊಟ್ಟು ಬಿಡಿಸುತ್ತ ಕುಳಿತ ಅತ್ತೆ.

ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಕಣಕ್ಕೆ ಹೋದ ಮೊದಲ ಸಂಜೆ, ಅತ್ತೆ ಏನನ್ನುತ್ತಾರೋ ಎಂದು ಅಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತಲೇ ಇದ್ದೆ. ಅವರು ಪ್ಯಾಂಟನ್ನು ನೋಡಲೇ ಇಲ್ಲ. ಅವರ ಕಣ್ಣು ನನ್ನ ಕೈಯಲ್ಲಿದ್ದ ಚೆಂಡಿನ ಮೇಲಿತ್ತು.

ಗಂಡ ಹೇಳಿಕೊಟ್ಟರು. ಚೆಂಡನ್ನು ಎತ್ತರಕ್ಕೆ, ತನ್ನ ಮುಂದಕ್ಕೆ ತೂರಬೇಕು. ಅದರ ಹಿಂದೆ ಓಡಿ, ಗೆರೆ ತುಳಿಯದೆ ಜಿಗಿದು, ಗಾಳಿಯಲ್ಲೇ ಹೊಡೆಯಬೇಕು. ಕೇಳುವಾಗ ಎಲ್ಲ ಸಲೀಸು. ನಾನು ತೂರಿದ ಚೆಂಡು ನೆತ್ತಿಯ ಮೇಲೇ ಉಳಿಯಿತು, ನಾನು ಅದರ ಕೆಳಗೆ ಹಾದು ಮುಂದೆ ಹೋಗಿಬಿಟ್ಟೆ, ಹೇಗೋ ಕೈ ಚಾಚಿ ಚೆಂಡಿನ ತಳಕ್ಕೆ ಬಾರಿಸಿದೆ. ಅದು ನೆಟ್ ದಾಟಿತು, ಗೆರೆ ದಾಟಿತು, ಸೀದಾ ಹೋಗಿ ಮೆಣಸಿನಕಾಯಿಯ ನಡುವೆ ಬಿತ್ತು. ಕಾಯಿ ಸುತ್ತಲೂ ಚಿಮ್ಮಿದವು. ಅತ್ತೆ ಕೆಮ್ಮುತ್ತ ಎದ್ದರು. ಓಡಿ ಹೋಗಿ ಚೆಂಡೆತ್ತಿಕೊಂಡ ನಾನು ಜಾಣೆಯಂತೆ ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡೆ. ಆ ಸಂಜೆಯ ಆಟ ಅಲ್ಲಿಗೆ ಮುಗಿಯಿತು. ಉಳಿದ ಹೊತ್ತೆಲ್ಲ ನಲ್ಲಿಯ ಮುಂದೆ ಕಣ್ಣು ತೊಳೆಯುತ್ತ ಕಳೆದೆ.

ಎರಡನೆಯ ಸಲವೂ ಹಾಗೇ ಆಯಿತು. "ರೊಟ್ಟಿ ಬಡದಂಗ ಬಡೀತಿಯಲ್ಲ!" ಎಂದು ಗಂಡ ರೇಗಿದರು. "ಅಂಗೈ ಚಪ್ಪಟಿ ಬಿದ್ರ ಚೆಂಡು ತಿರಗೂದಿಲ್ಲ. ತಿರಗಲಿಲ್ಲಂದ್ರ ಕೆಳಗ ಇಳಿಯೂದಿಲ್ಲ. ಮ್ಯಾಲಿಂದ ಸವರಿ ಹೊಡಿ, ಮಣಿಕಟ್ಟು ಬಾಗಲಿ."

"ಮೊದಲ ನೀವು ಒಂದು ರೊಟ್ಟಿ ಬಡದು ತೋರಸ್ರಿ, ಆಮ್ಯಾಲೆ ಹೇಳ್ರಿ" ಎಂದೆ. ಹೊಟ್ಟೆ ಉರಿದದ್ದು ಅವರ ಮಾತು ಖರೆ ಇದ್ದದ್ದಕ್ಕೆ. ಇಷ್ಟು ವರ್ಷ ರೊಟ್ಟಿ ಬಡಿದು ಪಳಗಿದ ಕೈ, ಎದುರಿಗೆ ದುಂಡಗಿನದು ಏನು ಬಂದರೂ ಚಪ್ಪಟೆ ಮಾಡಲು ಹೋಗುತ್ತಿತ್ತು.

ಅತ್ತೆ ನಮ್ಮಿಬ್ಬರ ಜಗಳಕ್ಕೆ ಬರಲಿಲ್ಲ. ಚೆಲ್ಲಿದ ಕಾಯಿ ಒಟ್ಟುಮಾಡುತ್ತ ಒಂದೇ ಮಾತು ಹೇಳಿದರು: "ನೋಡಬೇ, ಇನ್ನೊಂದ್ ಸಲ ಕಾಯಿಯೊಳಗ ಬಿತ್ತಂದ್ರ, ಈ ನೆಟ್ ಬಿಚ್ಚಿ ಹೀರಿಬಳ್ಳಿ ಹಬ್ಬಸ್ತೇನಿ." ನಮ್ಮ ಅತ್ತೆ ಸುಮ್ಮನೆ ಹೆದರಿಸುವವರಲ್ಲ. ಹೇಳಿದರೆಂದರೆ ಮಾಡಿದಂತೆಯೇ. ಕೂಟ ಹತ್ತಿರ ಬರುತ್ತಿತ್ತು, ಊರಲ್ಲಿ ನನಗೆ ಬೇರೆ ಮೈದಾನವಿರಲಿಲ್ಲ.

ಅಂದಿನಿಂದ ನೆಟ್ ಕಡೆ ಮುಖ ಹಾಕದೆ, ದನದ ಕೊಟ್ಟಿಗೆಯ ಗೋಡೆಗೆ ಹೊಡೆಯತೊಡಗಿದೆ. ನಿಂತಲ್ಲೇ, ಹಾರದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರೆ ಒಣಗಿದ ಕಾಯಿ ಜಜ್ಜಿ ಚೆಂಡಿನ ಒಂದು ಮಗ್ಗುಲಿಗೆ ಕೆಂಪು ಬಣ್ಣ ಹಿಡಿದಿತ್ತು, ತೊಳೆದರೂ ಹೋಗಿರಲಿಲ್ಲ. ರೊಟ್ಟಿ ಬಡಿದಂತೆ ಹೊಡೆದರೆ ಆ ಕೆಂಪು ಕಲೆ ಇದ್ದಲ್ಲೇ ಇರುತ್ತಿತ್ತು. ಚೆಂಡಿನ ಹಿಂದಿನಿಂದ ಅದರ ನೆತ್ತಿಯ ಮೇಲೆ ಕೈ ಹಾಯಿಸಿ ಮಣಿಕಟ್ಟು ಬಾಗಿಸಿದರೆ ಕಲೆ ಮೇಲೆ ಕೆಳಗೆ ಮಿಣಮಿಣ ಸುತ್ತುತ್ತಿತ್ತು. ತಪ್ಪು ಸರಿ ಹೇಳಲು ಇನ್ನು ಗಂಡ ಬೇಕಿರಲಿಲ್ಲ. ಕಲೆ ಸುತ್ತಿದಾಗಲೆಲ್ಲ ಒಬ್ಬಳೇ ಗಟ್ಟಿಯಾಗಿ ನಗುತ್ತಿದ್ದೆ, ಎಮ್ಮೆ ತಲೆ ಎತ್ತಿ ನೋಡುತ್ತಿತ್ತು. ಎಷ್ಟು ಖುಷಿ ಅಂತೀರಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಕೂಡ ಆ ದಿನಗಳಲ್ಲಿ ನಾನು ಹಾಡಿದಂತೆ ಹೇಳುತ್ತಿದ್ದೆ.

ಕೈ ಪಳಗಿದ ಮೇಲೆ ನೆಟ್ ಮುಂದೆ ಬಂದೆ. ನಾನು ಚೆಂಡು ಹಿಡಿದರೆ ಸಾಕು, ಅತ್ತೆ ಎದ್ದು ತಾಡಪತ್ರಿಯ ಅಂಚು ಮಡಚಿ ಕಾಯಿ ಮುಚ್ಚುತ್ತಿದ್ದರು. ಗಂಡ ಆಡುವಾಗ ಮುಚ್ಚುತ್ತಿರಲಿಲ್ಲ, ನಾನು ಬಂದಾಗ ಮಾತ್ರ. ಕೆಲವು ಚೆಂಡು ನೆಟ್ಟಿಗೆ ಬಡಿದವು, ಕೆಲವು ಒಳಗೆ ಬಿದ್ದವು. ಯಾವುದೂ ಆಚೆ ಹೋಗಲಿಲ್ಲ. ಆದರೂ ಮುಚ್ಚುವುದು ನಿಲ್ಲಲಿಲ್ಲ. ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು.

ಕೂಟಕ್ಕೆ ಒಂದು ವಾರ ಮುಂಚಿನ ಸಂಜೆ. ನಾನು ಗೆರೆಯ ಹಿಂದೆ ಬಂದು ನಿಂತೆ. ಅತ್ತೆ ನನ್ನತ್ತ ಬೆನ್ನು ಮಾಡಿ ತೊಟ್ಟು ಬಿಡಿಸುತ್ತಿದ್ದರು. ಏಳಲಿಲ್ಲ.

"ಅತ್ತಿ, ಮುಚ್ಚರಿ. ನಾ ಸರ್ವ್ ಮಾಡ್ತೇನಿ" ಎಂದು ಕೂಗಿದೆ.

"ನೀ ಹೊಡಿ. ನನಗ ಕೆಲಸ ಐತಿ" ಎಂದರು, ತಿರುಗದೆ.

ಚೆಂಡನ್ನು ನೆಲಕ್ಕೆ ಎರಡು ಸಲ ಪುಟಿಸಿದೆ. ಚೆಂಡು ತೂರಿದೆ, ಮುಂದಕ್ಕೆ, ಎತ್ತರಕ್ಕೆ. ಓಡಿದೆ, ಜಿಗಿದೆ. ಕೈ ಚೆಂಡಿನ ನೆತ್ತಿಯ ಮೇಲಿಂದ ಹಾಯಿತು. ಕೆಂಪು ಕಲೆ ಗಿರ್ರನೆ ಸುತ್ತುತ್ತ ನೆಟ್ ದಾಟಿತು, ಇನ್ನೇನು ಆಚೆ ಹೋಯಿತು ಅನ್ನುವಾಗ ತಲೆ ತಗ್ಗಿಸಿ ಗೆರೆಯ ಒಳಗೆ ಧಡ್ ಎಂದು ಇಳಿಯಿತು. ಪುಟಿದ ಚೆಂಡು ಕಾಯಿಯ ಮೇಲಿಂದ ಹಾರಿ ಬೇಲಿಗೆ ಬಡಿಯಿತು.

"ಒಳಗ ಬಿತ್ರಿ!" ಎಂದು ಚೀರಿದೆ.

"ಗೊತ್ತೈತಿ ತಗೋ. ಸಪ್ಪಳಾ ಕೇಳಿಸ್ತು" ಎಂದರು ಅತ್ತೆ.

ಮರುದಿನ ಶಾಲೆ ಮುಗಿಸಿ ಬಂದು ನೋಡಿದರೆ, ಹೊಲದಿಂದ ಬಂದ ಹೊಸ ಕಾಯಿಯನ್ನು ಅತ್ತೆ, ಮುಚ್ಚಲು ಅಂಚು ಕೂಡ ಬಿಡದೆ, ಆಚೆ ತುದಿಯ ಸುಣ್ಣದ ಗೆರೆಗೆ ತಾಗಿಸಿ ಹರವಿದ್ದರು.