ಮೊಳೆಗೆ ನೇತುಹಾಕಿದ ಬಸದಿ ಕೀಲಿ

“ಕೀಲಿ ಕೊಟ್ಬಿಡಿ ಅನಂತಯ್ಯೋರೇ, ನಾನೇ ಓಡೋಯ್ತೀನಿ! ನೀವು ಬರೋ ಹೊತ್ಗೆ ಮಗು ಇರ್ತದೋ ಇಲ್ವೋ!”

“ಕೊಡಲ್ಲ ಕಣೋ ಕೆಂಚಪ್ಪ. ಅದು ಬಂದ್ರೆ ನನ್ನ ಜೊತೇಲೇ ಬರೋದು. ನಡಿ ನಡಿ!”

ಎದುರು ಸಾಲಿನ ಮುದ್ದಮ್ಮನ ಮಗಳು, ಹನ್ನೆರಡು ವರ್ಷದ ದೇವೀರಿಗೆ ಫಿಟ್ಸ್ ಬಂದಿತ್ತು. ಸೋದರಮಾವ ಕೆಂಚಪ್ಪ ಕೀಲಿಗೆ ಓಡಿ ಬಂದಿದ್ದ. ಬಸ್ತಿಹಳ್ಳಿಯಲ್ಲಿ ಯಾರಿಗೆ ಫಿಟ್ಸ್ ಬಂದರೂ ಹಾಗೇ. ಬಸದಿಗೆ ಹೊಸ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು, ಹಳೆಯ ಬೀಗದ ಗೇಣುದ್ದದ ಕಬ್ಬಿಣದ ಕೀಲಿ ಮಾತ್ರ ಅನಂತನಾಥರ ನಡುಮನೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಹಲ್ಲಿನ ನಡುವೆ ತುರುಕಿದರೆ ಮೈಮೇಲೆ ಬಂದದ್ದು ಬಿಟ್ಟುಹೋಗುತ್ತದೆ ಅಂತ ಊರೆಲ್ಲ ನಂಬಿತ್ತು.

ಅವತ್ತು ಮಟಮಟ ಮಧ್ಯಾಹ್ನ, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಆದರೂ ಕೀಲಿ ತಾನೇ ತಾನಾಗಿ ಗೋಡೆಗೆ ಟಕ್, ಟಕ್ ಎಂದು ಬಡಿದಿತ್ತು. ಅನಂತನಾಥರು ಅರ್ಧ ಊಟಕ್ಕೇ ಎದ್ದು, ಕೈತೊಳೆದು, ಚಪ್ಪಲಿ ಮೆಟ್ಟಿ ನಿಂತಿದ್ದರು. ಕೆಂಚಪ್ಪ ಕೂಗಿದ್ದು ಅದಾದ ಮೇಲೆ!

ಮುದ್ದಮ್ಮನ ಮನೆ ತುಂಬ ಜನ. ದೇವೀರಿಯ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ಯಾರೋ ಕಾಲು ಅದುಮಿ ಹಿಡಿದಿದ್ದರು, ಇನ್ಯಾರೋ ನೀರಿನ ಚೊಂಬು ಬಾಯಿಗೆ ತಂದಿದ್ದರು.

“ಬಿಡ್ರೋ ಕಾಲು! ನೀರು ಆಚೆ ಇಡಿ! ಕೀಲಿ ಹೊಸ್ತಿಲು ದಾಟ್ಬಾರ್ದು, ಅಲ್ಲಿಂದ್ಲೇ ನೋಡ್ಕೊಳ್ತದೆ,” ಎಂದು ಅನಂತನಾಥರು ಅದನ್ನು ಹೊರಗಿನ ಗೂಟಕ್ಕೆ ನೇತುಹಾಕಿದರು. ಹಸಿ ಸುಳ್ಳು! ಆದರೆ ಆ ಸುಳ್ಳಿಗೇ ಜನ ಹಿಂದೆ ಸರಿದರು.

“ಮುದ್ದಮ್ಮ, ಅಳ್ಬೇಡ, ನೀನೇ ಮಾಡ್ಬೇಕು. ಒನಕೆ ಈಚೆ ತಳ್ಳು, ತಲೆಗೆ ತಾಗ್ತದೆ. ಸೀರೆ ಮಡಿಸಿ ತಲೆ ಕೆಳಗಿಡು. ಕತ್ತಿನ ಗುಂಡಿ ಬಿಚ್ಚು. ಈಗ ಮೆಲ್ಲಗೆ ಪಕ್ಕಕ್ಕೆ ಹೊರಳ್ಸು, ನೊರೆ ಹೊರಗೆ ಹೋಗ್ಲಿ. ಬಾಯಿಗೆ ಏನೂ ಇಡ್ಕೂಡ್ದು.”

“ಅಯ್ಯೋ, ನಂಗೆ ಕೈ ನಡುಗ್ತೈತೆ ಅಯ್ಯೋರೇ!”

“ನಡುಗ್ಲಿ ಬಿಡು. ನಡುಗೋ ಕೈಲೇ ಮಾಡು.”

ಅವರ ಕಣ್ಣು ಕೈಗಡಿಯಾರದ ಮೇಲಿತ್ತು. ಐದು ನಿಮಿಷ ದಾಟಿದರೆ ಊರಿಗಿದ್ದ ಒಂದೇ ಜೀಪು, ಷಡಕ್ಷರಪ್ಪನದು; ಬೇಲೂರು, ಆಸ್ಪತ್ರೆ. ಒಂದು ನಿಮಿಷ. ಎರಡು. ಕೇರಿಯಲ್ಲಿ ಕೋಳಿ ಕೂಡ ಸದ್ದು ಮಾಡಲಿಲ್ಲ. ಹೊರಗೆ ಗೂಟದಲ್ಲಿ ಮಾತ್ರ ಟಕ್, ಟಕ್.

ಮೂರು ನಿಮಿಷಕ್ಕೆ ಮೈ ಸಡಿಲಾಯಿತು. ಆ ಸದ್ದೂ ನಿಂತಿತು. ಬಹಳ ಹೊತ್ತಿನ ಮೇಲೆ ದೇವೀರಿ ಕಣ್ಣು ಬಿಟ್ಟು, ಅನಂತನಾಥರನ್ನೇ ನೋಡುತ್ತ, ತನ್ನದಲ್ಲದ ದನಿಯಲ್ಲಿ ಅಂದಳು:

“ಬಾಯೆಲ್ಲ ಕಬ್ಬಿಣ. ಕೀಲಿ ತೆಗೀರಿ ಅಂದ್ರೆ.”

“ನಿನ್ ಬಾಯಿಗೆ ಯಾರೂ ಕೀಲಿ ಇಟ್ಟಿಲ್ಲ ಕಣವ್ವ,” ಅಂದಳು ಮುದ್ದಮ್ಮ.

ಅನಂತನಾಥರು ತಿರುಗಿ ಹೊರಗಿನ ಗೂಟದ ಕಡೆ ನೋಡಿದರು. ನಾಲಿಗೆ ಕಚ್ಚಿಕೊಂಡರೆ ರಕ್ತ ಕಬ್ಬಿಣದ ಹಾಗೇ ರುಚಿಸುತ್ತದೆ, ಅದು ಅವರಿಗೆ ಗೊತ್ತು. ಆದರೆ ಆ ಮಾತು? ಇಪ್ಪತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ, ಹೆಂಡತಿ ರತ್ನಪ್ರಭಾಗೆ ಫಿಟ್ಸ್ ಬಂದಾಗ ಅದೇ ಕೀಲಿ ತುರುಕಿದ್ದು ಅವರದೇ ಕೈ. ಮುರಿದ ಹಲ್ಲು ಉಸಿರಿನ ದಾರಿಗೆ ಇಳಿದಿತ್ತು. ಸೆಳೆತ ಇಳಿದ ಮೇಲೆ ಅವಳು ಕೀಲಿ ಕಚ್ಚಿಕೊಂಡೇ ಕೊನೆಗೆ ತೊದಲಿದ್ದು ಅಷ್ಟೇ: ಕೀಲಿ ತೆಗೀರಿ ಅಂದ್ರೆ. ಅದನ್ನು ಕೇಳಿದ್ದು ಅವರೊಬ್ಬರೇ. “ಕೊಂದದ್ದು ಕಾಯಿಲೆ ಅಲ್ಲ ಸ್ವಾಮಿ, ಕೀಲಿ,” ಎಂದು ಅರಸೀಕೆರೆಯ ನರ್ಸ್ ಸುವರ್ಣಮ್ಮ ಹೇಳಿ, ಮಾಡಬೇಕಾದ್ದನ್ನೆಲ್ಲ ಕಲಿಸಿದ್ದಳು. ಅವತ್ತಿನಿಂದ ಕೀಲಿ ಅವರ ಕೈಬಿಟ್ಟು ಎಲ್ಲೂ ಹೋಗಿಲ್ಲ. ಆದರೆ ಈಗ ವಯಸ್ಸು ಅರವತ್ತೆಂಟು. ತಾವು ಹೋದ ಮೇಲೆ ಅದು ಯಾರ ಕೈಗೆ, ಯಾರ ಬಾಯಿಗೆ?

ಹೊರಗೆ ಬಂದು ಗೂಟಕ್ಕೆ ಕೈ ಹಾಕಿದರು. ಅಷ್ಟು ಬಿಸಿಲಲ್ಲಿ ನೇತಾಡಿದ ಕೀಲಿ ಬಾವಿಯ ಕಲ್ಲಿನಂತೆ ತಣ್ಣಗೆ, ಒದ್ದೆಯಾಗಿತ್ತು.

“ಮುದ್ದಮ್ಮ, ಬರೋ ಭಾನುವಾರ ಬರ್ತೀನಿ. ಕೆಂಚಪ್ಪನ್ನ ಮಲಗಿಸಿ, ಇವತ್ತು ಮಾಡಿದ್ದನ್ನೆಲ್ಲ ಮತ್ತೆ ಮಾಡಿ ತೋರಿಸ್ಬೇಕು. ಕೇರಿ ಹೆಂಗಸ್ರನ್ನೂ ಕರಿ.”

“ಈ ಕೋಣನ್ನ ಹೊರಳ್ಸೋಕೆ ನಾಕು ಜನ ಬೇಕು ಬಿಡಿ,” ಎಂದು ಮುದ್ದಮ್ಮ ಮೊದಲ ಸಲ ನಕ್ಕಳು. “ಕೀಲಿ ತತ್ತೀರಾ ಅಯ್ಯೋರೇ?”

“ಇಲ್ಲ ಕಣಮ್ಮ. ಭಾನುವಾರ ನಾನೊಬ್ಬನೇ ಬರ್ತೀನಿ.”